ದೊಡ್ಡಮ್ಮನ ಕಲ್ಲು ದೊಡ್ಡ ಜನ ಆದದ್ದು

ಮೊಣಕಾಲು ನೋವಿಗೆ ಹೊನ್ನೆ ಎಣ್ಣೆ ಒಳ್ಳೆಯದೆಂದು ಮೂಡುಬಿದಿರೆಯ ಔಷಧಿ ಅಂಗಡಿಯವ ಹೇಳಿದಾಗ ನಾನು ಮೊದಲು ಮಾಡಿದ ಕೆಲಸ ಬಾಟಲಿಯ ಮುಚ್ಚಳ ತೆಗೆದು ಮೂಸಿ ನೋಡಿದ್ದು. ಅಸಲಿಯೋ ನಕಲಿಯೋ ಎಂಬ ಸಂಶಯ. ನಿಮಗೆ ಮೊದಲೇ ಹೇಳಿಬಿಡುತ್ತೇನೆ, ಸಂಶಯ ನನ್ನ ಹುಟ್ಟುಗುಣ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದ್ದೇನೆ. ತಪ್ಪು ಉತ್ತರ ಬರೆದವರನ್ನು ಬಿಟ್ಟು, ಸರಿ ಉತ್ತರ ಬರೆದವರನ್ನು ಕರೆದು ಯಾರದ್ದು ನೋಡಿ ಬರೆದೆ ಎಂದು ವಿಚಾರಿಸಿದ್ದೇನೆ. ಹೋಟೆಲಿನ ಚಾ ಚೆನ್ನಾಗಿದ್ದರೆ ಇದಕ್ಕೆ ಏನು ಬೆರೆಸಿದ್ದಾರೆ ಎಂದು ಯೋಚಿಸುತ್ತೇನೆ. ಆದರೆ ಆ ಬಾಟಲಿಯ ವಿಷಯದಲ್ಲಿ ಸಂಶಯಕ್ಕೆ ಎಡೆ ಇರಲಿಲ್ಲ. ಅದರ ಕಹಿ ಘಾಟು ಮೂಗಿಗೆ ಹತ್ತಿದ್ದೇ ತಡ, ಮುಂಡಾಜೆಯ ಮನೆಯ ದನದ ಹಟ್ಟಿಯ ಹಿಂದೆ ಬಗ್ಗಿ ನಿಂತ ದೊಡ್ಡಮ್ಮನ ಬೆನ್ನು ಕಣ್ಣ ಮುಂದೆ ಬಂತು.

ದೊಡ್ಡಮ್ಮ ಎಂದರೆ ನನ್ನ ಅಮ್ಮನ ಅಕ್ಕ. ಮದುವೆಯಾದ ಮೂರನೆಯ ವರ್ಷಕ್ಕೆ ಗಂಡ ತೀರಿಕೊಂಡು, ಮಕ್ಕಳಿಲ್ಲದೆ, ಒಂದು ಟ್ರಂಕಿನೊಂದಿಗೆ ಮುಂಡಾಜೆಗೆ ಹಿಂದಿರುಗಿದವರು. ನಮ್ಮದು ಆಸ್ತಿ ಹೆಣ್ಣಿನ ಕಡೆಯಿಂದ ಇಳಿಯುವ ಅಳಿಯಸಂತಾನದ ಕುಟುಂಬವಾದ್ದರಿಂದ ಅದು ಅವರದೇ ಮನೆ. ಯಾರ ಹಂಗೂ ಇರಲಿಲ್ಲ. ಉಜಿರೆಗೆ ಕಾಲೇಜಿಗೆ ಹೋಗುತ್ತಿದ್ದ ಐದು ವರ್ಷ ನಾನು ಅವರ ಕೈಯ ಅನ್ನ ಉಂಡೆ. ಹಟ್ಟಿಯ ಹಿಂದೆ ಒಂದು ಕಾಸರಕನ ಮರ, ಅದರ ಬುಡದಲ್ಲಿ ಒಂದು ಕಲ್ಲು. ಮೊಳದಷ್ಟು ಎತ್ತರವೂ ಇಲ್ಲ. ಒಂದು ಮಗ್ಗುಲು ಉಬ್ಬು, ಇನ್ನೊಂದು ಮಗ್ಗುಲು ಚಪ್ಪಟೆ. ಯಾರೋ ಹಿಂದಿನವರು ಬಿಸಾಡಿದ ಅರೆಯುವ ಕಲ್ಲಿನ ತುಂಡು ಇರಬೇಕೆಂದು ನನ್ನ ಅಂದಾಜು. ದಿನಾ ಮುಸ್ಸಂಜೆ ದೊಡ್ಡಮ್ಮ ಅದರ ಚಪ್ಪಟೆ ಮೋರೆಯ ಮುಂದೆ ಮಣ್ಣಿನ ಹಣತೆಯಲ್ಲಿ ಹೊನ್ನೆ ಎಣ್ಣೆ ಹೊಯ್ದು ದೀಪ ಇಡುತ್ತಿದ್ದರು. ತೆಂಗಿನೆಣ್ಣೆ ಅಡಿಗೆಗೂ ತಲೆಗೂ ಬೇಕು, ಕಲ್ಲಿಗೆ ಹೊನ್ನೆ ಎಣ್ಣೆ ಸಾಕು ಎಂಬುದು ಅವರ ನ್ಯಾಯ. ಹೊಗೆ ತಾಗಿ ತಾಗಿ ಆ ಮೋರೆ ಕಪ್ಪಾಗಿತ್ತು.

ದೀಪ ಇಟ್ಟ ಮೇಲೆ ಮಾತು. ಸ್ತೋತ್ರ, ಶ್ಲೋಕ ಒಂದೂ ಅಲ್ಲ, ಶುದ್ಧ ತುಳುವಿನಲ್ಲಿ ಮನೆಯ ವರದಿ. ಹಸು ಹಾಲು ಕಡಿಮೆ ಮಾಡಿದ್ದು, ಮಂಗಗಳು ಸೀಯಾಳ ಕೆಡವಿದ್ದು, ತಂಗಿಯ ಕಾಗದ ಬಾರದ್ದು. ಎರಡು ಸಲ ಹೇಳಿದ ವಿಷಯ ಸರಿಯಾಗದಿದ್ದರೆ ಬೈಗುಳ. ನೀನು ಇಲ್ಲಿ ಕೂತು ಎಣ್ಣೆ ಕುಡಿಯುವುದು ಬಿಟ್ಟು ಬೇರೆ ಏನು ಮಾಡುತ್ತಿ ಎಂದು ಕೇಳಿದ್ದನ್ನು ನಾನು ಹಟ್ಟಿಯ ಗೋಡೆಯ ಈಚೆಯಿಂದ ಕೇಳಿಸಿಕೊಂಡಿದ್ದೇನೆ. ಒಮ್ಮೆ ನಾನು, ಅದು ಯಾವ ದೇವರು ಎಂದು ವಿಚಾರಿಸಿದೆ.

“ಯಾರಿಗೆ ಗೊತ್ತು ಮಗಾ,” ಎಂದರು. “ನನ್ನ ಅಮ್ಮ ದೀಪ ಇಡ್ತಿದ್ದರು, ನಾನೂ ಇಡ್ತೇನೆ. ಹೆಸರು ಕೇಳ್ಲಿಕ್ಕೆ ಅದೇನು ನನ್ನ ಮನೆಗೆ ಹೆಣ್ಣು ಕೇಳಿಕೊಂಡು ಬಂದದ್ದಾ?”

ಈಗ ಯೋಚಿಸಿದರೆ, ಧರ್ಮ ಎಂಬ ಮಾತು ಆ ಮನೆಯಲ್ಲಿ ನನ್ನ ಕಿವಿಗೆ ಬಿದ್ದದ್ದೇ ಕಡಿಮೆ. ಅವರ ಮಾತು ‘ಕ್ರಮ’. ಹೊಸಕ್ಕಿ ಉಣ್ಣುವುದಕ್ಕೆ ಒಂದು ಕ್ರಮ, ಬಾವಿಗೆ ಇಳಿಯುವುದಕ್ಕೆ ಒಂದು ಕ್ರಮ, ಸತ್ತವರಿಗೆ ಬಡಿಸುವುದಕ್ಕೆ ಒಂದು ಕ್ರಮ. ಯಾಕೆ ಎಂದು ಕೇಳಿದರೆ ಕ್ರಮ ಹಾಗೆ. ಆ ಕ್ರಮಕ್ಕೆ ಬೇಲಿಯೂ ಗಟ್ಟಿ ಇರಲಿಲ್ಲ. ಮುಂದೆ ನಾನು ಮೂಡುಬಿದಿರೆಯಲ್ಲಿ ಕೆಲಸಕ್ಕೆ ಸೇರಿ ಸಂಸಾರ ಹೂಡಿದಾಗ ದೊಡ್ಡಮ್ಮ ಬಂದು ನಿಲ್ಲುತ್ತಿದ್ದರು. ಪೇಟೆಗೆ ಹೋದರೆ ದಾರಿಯಲ್ಲಿ ಸಿಕ್ಕಿದ ಬಸದಿಗಳಿಗೆಲ್ಲ ಕೈ ಮುಗಿಯುವರು. ನಾವು ಜೈನರಲ್ಲವಲ್ಲ ಎಂದು ನನ್ನ ಹೆಂಡತಿ ನೆನಪಿಸಿದರೆ, ಅದು ಒಳಗೆ ಕೂತವರಿಗೆ ಗೊತ್ತಿಲ್ಲವೇ, ಬೇಡ ಎಂದರೆ ಮುಗಿಯುವುದಿಲ್ಲ ಎನ್ನುವರು. ಹಸು ತಪ್ಪಿಸಿಕೊಂಡರೆ ಕಕ್ಕಿಂಜೆಯ ಕಡೆಗೆ ಹೋಗುವವರ ಹತ್ತಿರ ಅಲ್ಲಿಯ ಕ್ರೈಸ್ತರ ಇಗರ್ಜಿಗೆ ಎರಡು ಮೇಣದ ಬತ್ತಿ ಕೊಟ್ಟು ಕಳಿಸುವರು. ಸಿಕ್ಕಿದರೆ ಯಾರು ಹುಡುಕಿಕೊಟ್ಟದ್ದೆಂಬ ತನಿಖೆ ಇಲ್ಲ.

ಹಿಂದಿನ ಕಾಲ ಎಷ್ಟು ಚೆನ್ನಾಗಿತ್ತು ಎಂದು ನೀವು ತಲೆದೂಗುವ ಮೊದಲು ತಡೆಯುತ್ತೇನೆ. ಹಾಗೆ ತಲೆದೂಗುವವರ ಮೇಲೂ ನನಗೆ ಸಂಶಯ ಉಂಟು. ಆ ಮನೆಯಲ್ಲಿ ಗೇಯುತ್ತಿದ್ದ ಬಾಬು ಅಂಗಳದ ಕೊನೆಯಲ್ಲಿ ನಿಂತು ಮಾತಾಡಬೇಕಿತ್ತು. ಅವನಿಗೆ ಚಾ ತೆಂಗಿನ ಚಿಪ್ಪಿನಲ್ಲಿ. ಅದೂ ಕ್ರಮವೇ. ಕೊಡುತ್ತಿದ್ದದ್ದು ಇದೇ ದೊಡ್ಡಮ್ಮ. ಕಲ್ಲಿನ ಹತ್ತಿರ ನಿಂತು ಅದನ್ನೇ ಬೈಯುವ ಧೈರ್ಯ ಇದ್ದ ಹೆಂಗಸಿಗೆ ಈ ಕ್ರಮವನ್ನು ಬೈಯಬೇಕೆಂದು ಒಂದು ದಿನವೂ ಅನಿಸಲಿಲ್ಲ. ಅನಿಸಬೇಕಿತ್ತು ಎಂದು ನನಗೆ ಆಗ ಅನಿಸಿತೇ? ಅದೂ ಇಲ್ಲ. ನನ್ನ ಸಂಶಯಕ್ಕೆ ಆಗ ಬೇರೆ ಕೆಲಸ ಇತ್ತು.

ಆ ಕೆಲಸ ಏನೆಂದರೆ ದೊಡ್ಡಮ್ಮನ ಚಿನ್ನ. ಮದುವೆಯಲ್ಲಿ ಅವರ ಮೈಮೇಲೆ ಇದ್ದ ಚಿನ್ನದ ವಿಷಯ ಅಮ್ಮನ ಬಾಯಿಂದ ಕೇಳಿದ್ದೆ. ನನಗೆ ಬುದ್ಧಿ ಬಂದ ಮೇಲೆ ಅವರ ಕಿವಿಯ ಓಲೆ ಬಿಟ್ಟು ಬೇರೇನೂ ಕಂಡಿಲ್ಲ. ಟ್ರಂಕಿಗೆ ಬೀಗ ಇರಲಿಲ್ಲ, ಒಳಗೆ ಸೀರೆ ಮಾತ್ರ. ಹಾಗಾದರೆ ಎಲ್ಲಿ? ಕಾಸರಕನ ಬುಡವನ್ನು ಅವರು ಬೇರೆಯವರಿಗೆ ಗುಡಿಸಲು ಬಿಡುವುದಿಲ್ಲ. ಹೆಸರೇ ಗೊತ್ತಿಲ್ಲದ ಕಲ್ಲಿನ ಹತ್ತಿರ ದಿನಾ ಅರ್ಧ ಗಂಟೆ ಕಳೆಯುತ್ತಾರೆ. ಗಣಿತದ ವಿದ್ಯಾರ್ಥಿಗೆ ಇಷ್ಟು ಸಾಕು. ಒಂದು ಸೋಮವಾರ ಅವರು ಬೆಳ್ತಂಗಡಿ ಸಂತೆಗೆ ಹೋದದ್ದೇ ನಾನು ಹಾರೆ ಹಿಡಿದು ಹಟ್ಟಿಯ ಹಿಂದೆ ಹೋದೆ. ಕಲ್ಲನ್ನು ಎಬ್ಬಿಸಿ ಬದಿಗಿಟ್ಟು ಎರಡು ಅಡಿ ತೋಡಿದೆ. ಸಿಕ್ಕಿದ್ದು ಬೇರು, ಒಂದು ಹಂಚಿನ ಚೂರು, ನನ್ನನ್ನು ನೋಡಿ ಬೇಸರಪಟ್ಟ ಒಂದು ಕಪ್ಪೆ. ಅಷ್ಟರಲ್ಲಿ ದೊಡ್ಡಮ್ಮ ಹಿಂದಿರುಗುವ ಚಾರ್ಮಾಡಿ ಬಸ್ಸಿನ ಹಾರ್ನ್ ಕೇಳಿಸಿತು. ಗಡಿಬಿಡಿಯಲ್ಲಿ ಮಣ್ಣು ದೂಡಿ, ಕಲ್ಲು ನೆಟ್ಟು, ತರಗೆಲೆ ಹರಡಿ ಒಳಗೆ ಓಡಿಬಂದೆ. ಚಿನ್ನವನ್ನು ಅವರು ಮನೆಯ ಬಾವಿ ತೋಡಿಸುವಾಗಲೇ ಮಾರಿದ್ದರೆಂದು ಅಮ್ಮ ಹೇಳಿದ್ದು ಎಷ್ಟೋ ವರ್ಷದ ನಂತರ. ಐದು ವರ್ಷ ಆ ಬಾವಿಯ ನೀರು ಕುಡಿದವನು ನಾನು.

ಆ ಸಂಜೆ ದೀಪ ಎಂದಿನಂತೆ ಉರಿಯಿತು, ಊಟಕ್ಕೆ ಬಂಗುಡೆ ಮೀನಿನ ಸಾರು ಎಂದಿನಂತೆ ಇತ್ತು. ಮರುದಿನ ಕಾಲೇಜಿನ ದಾರಿಯಲ್ಲಿ, ಬಸ್ಸಿನ ಕಂಬಿ ಹಿಡಿದು ನಿಂತಿದ್ದಾಗ, ಒಮ್ಮೆಲೇ ನೆನಪಾಯಿತು. ನಾನು ಕಲ್ಲನ್ನು ತಿರುವುಮುರುವು ನೆಟ್ಟಿದ್ದೆ. ಕಪ್ಪು ಮೋರೆ ಮರದ ಕಡೆಗೆ, ಉಬ್ಬಿದ ಬೆನ್ನು ದೀಪದ ಕಡೆಗೆ. ಹೋಗಿ ಸರಿ ಮಾಡುವ ಎಂದುಕೊಂಡೆ. ಸರಿ ಮಾಡಲು ಹೋದಾಗ ಸಿಕ್ಕಿಬಿದ್ದರೆ? ಹಾಗೆ ದಿನ ದೂಡಿ, ಕೊನೆಗೆ ಹಟ್ಟಿಯ ಹಿಂದೆ ಹೋಗುವುದನ್ನೇ ಬಿಟ್ಟೆ. ದೇವರಿಲ್ಲ ಎಂದು ಕಾಲೇಜಿನ ಕ್ಯಾಂಟೀನಿನಲ್ಲಿ ವಾದ ಮಾಡುತ್ತಿದ್ದವನು ಒಂದು ಕಲ್ಲಿನ ಮೋರೆ ನೋಡಲು ಹೆದರುತ್ತಿದ್ದೆ.

ಮೂವತ್ತು ವರ್ಷ ದಾಟಿತು. ನನ್ನ ಅಣ್ಣ ಸದಾಶಿವ ಕತಾರಿನಲ್ಲಿ ದುಡಿದು ಊರಿಗೆ ಬಂದ. ಅವನ ಮಗಳಿಗೆ ಸಂಬಂಧ ಕೂಡಿ ಬರುತ್ತಿರಲಿಲ್ಲ, ಅವನ ಬೆನ್ನು ನೋವು ಯಾವ ಡಾಕ್ಟರಿಗೂ ಬಗ್ಗುತ್ತಿರಲಿಲ್ಲ. ದೋಷ ಎಲ್ಲಿದೆಯೆಂದು ತಿಳಿಯಲು ಮುಂಡಾಜೆಯ ಕುಟುಂಬದ ಮನೆಯಲ್ಲಿ ಅಷ್ಟಮಂಗಲ ಪ್ರಶ್ನೆ ಇಡಿಸಬೇಕೆಂದು ಹೊರಟ. ಹಿಂದೆ ಪ್ರಶ್ನೆ ಎಂದರೆ ಊರಿನ ಜೋಯಿಸರು ಕವಡೆಯ ಚೀಲ ಕಂಕುಳಲ್ಲಿ ಇಟ್ಟುಕೊಂಡು ಬಂದು, ಜಗಲಿಯಲ್ಲಿ ಚಾ ಕುಡಿದು, ಒಂದು ಸೀಯಾಳ ಇಟ್ಟು ಕೈ ಮುಗಿಯಿರಿ ಎಂದು ಹೇಳಿ ಹೋಗುತ್ತಿದ್ದರು. ಈಗ ಬಂದವರು ದೈವಜ್ಞರು. ಎರಡು ಕಾರು, ಇಬ್ಬರು ಸಹಾಯಕರು, ಒಂದು ಲ್ಯಾಪ್‌ಟಾಪು. ಅಂಗಳಕ್ಕೆ ಶಾಮಿಯಾನ, ಹಿಂದೆ ಕೂತ ನೆಂಟರಿಗೆ ಕೇಳಿಸಲು ಮೈಕು. ಮೂರು ದಿನ ಊಟೋಪಚಾರ. ನಾನು ಹಿಂದಿನ ಸಾಲಿನಲ್ಲಿ ಕೈ ಕಟ್ಟಿ ಕೂತೆ, ಪರೀಕ್ಷಾ ಕೊಠಡಿಯಲ್ಲಿ ಕೂತ ಹಾಗೆ.

ಪ್ರಶ್ನೆಯ ರೀತಿ ನಿಮಗೆ ಗೊತ್ತಿರಬಹುದು. ಅವರು ಕವಡೆ ಸರಿಸಿ, ರಾಶಿ ನೋಡಿ, ಒಂದು ಮಾತು ಹೇಳುತ್ತಾರೆ. ಹೇಳಿ, ಉಂಟಾ ಇಲ್ಲವಾ ಎಂದು ಕೇಳುತ್ತಾರೆ. ಕುಟುಂಬದವರು ಉಂಟು ಎಂದರೆ ಸಹಾಯಕ ಬರೆದುಕೊಳ್ಳುತ್ತಾನೆ, ಮಾತು ಮುಂದೆ ಬೆಳೆಯುತ್ತದೆ. ಇಲ್ಲ ಎಂದರೆ ಅವರು ಮೆಲ್ಲಗೆ ಬೇರೆ ದಾರಿ ಹಿಡಿಯುತ್ತಾರೆ. ಮೊದಲ ದಿನ ಎರಡು ಸಲ ‘ಇಲ್ಲ’ ಬಂತು. ಎರಡು ಸಲವೂ ಅವರು ಜಾರಿಕೊಂಡದ್ದನ್ನು ನಾನು ಸಂತೋಷದಿಂದ ಗಮನಿಸಿದೆ. ಎರಡನೆಯ ದಿನ ನೈಋತ್ಯದಲ್ಲಿ ಮರದ ಬುಡದಲ್ಲಿ ಒಂದು ಶಿಲೆಯ ಸಾನ್ನಿಧ್ಯ ಕಾಣುತ್ತದೆ ಎಂದರು. ಎಲ್ಲರೂ ಉಂಟು ಎಂದರು. ಇದರಲ್ಲಿ ಏನು ಹೆಚ್ಚುಗಾರಿಕೆ, ಕೈ ತೊಳೆಯಲು ಹಿಂದೆ ಹೋದವರಿಗೆಲ್ಲ ಕಾಣುತ್ತದೆ ಎಂದುಕೊಂಡೆ. ಅವರು ಮತ್ತೊಂದು ಕವಡೆ ಸರಿಸಿದರು.

“ಆ ಶಿಲೆಗೆ ಯಾರೋ ಕೈ ಹಾಕಿದ್ದಾರೆ. ಮೊದಲು ಇದ್ದ ಹಾಗೆ ಈಗ ಇಲ್ಲ. ಉಂಟಾ ಇಲ್ಲವಾ?”

ಶಾಮಿಯಾನದಲ್ಲಿದ್ದವರೆಲ್ಲ ಹಟ್ಟಿಯ ಕಡೆಗೆ ಕತ್ತು ಹೊರಳಿಸಿದರು. ಇವರಿಗೆ ಹೇಳಿದವರು ಯಾರು? ಅಣ್ಣನೇ? ಆಗ ಅವನು ಊರಿನಲ್ಲೇ ಇರಲಿಲ್ಲ. ಬಾಬು? ಅವನು ಆ ದಿನ ಗದ್ದೆಯಲ್ಲಿದ್ದ. ಕಪ್ಪೆಯ ಮೇಲೂ ಒಂದು ಕ್ಷಣ ಸಂಶಯ ಬಂತು, ಸುಳ್ಳಲ್ಲ. ಒಳಬಾಗಿಲಿನ ದಾರಂದ ಹಿಡಿದು ದೊಡ್ಡಮ್ಮ ನಿಂತಿದ್ದರು. ಅವರು ಕವಡೆಯನ್ನು ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದರು. ಹಳೆಯ ಕಾಲದ ಕಟ್ಟಡಗಳಲ್ಲಿ ಕಲ್ಲು ಕದಲುವುದು, ಗೋಡೆ ಬಿರಿಯುವುದು ಸಾಮಾನ್ಯ. ಕೈ ಹಾಕಿದ್ದಾರೆ ಎಂದು ಯಾವ ಮನೆಯಲ್ಲಿ ಹೇಳಿದರೂ ಒಬ್ಬನಾದರೂ ಉಂಟು ಎಂದಾನು ಎಂಬ ಲೆಕ್ಕ ನನಗೆ ಹೊಳೆದದ್ದು ಆಮೇಲೆ. ಆ ಹೊತ್ತಿಗೆ ಹೊಳೆಯಲಿಲ್ಲ. ನಾನು ಎದ್ದು ನಿಂತು ‘ಉಂಟು’ ಎಂದೆ. ಕಲ್ಲು ತಿರುಗಿದ್ದನ್ನು ನಾನು ಚಿಕ್ಕಂದಿನಲ್ಲಿ ಕಂಡಿದ್ದೇನೆ ಎಂದು ಸೇರಿಸಿದೆ. ತಿರುಗಿಸಿದವರು ಯಾರೆಂದು ಹೇಳಲಿಲ್ಲ.

ಏನನ್ನೂ ನಂಬದ ಮೇಷ್ಟ್ರೇ ಹೌದು ಎಂದ ಮೇಲೆ ಇನ್ನೇನು ಬೇಕು? ನನ್ನ ಸಂಶಯದ ಖ್ಯಾತಿಯೇ ಅದಕ್ಕೆ ಮೊಹರು ಒತ್ತಿತು. ಎಲ್ಲರೂ ಎದ್ದು ಹಟ್ಟಿಯ ಹಿಂದೆ ಹೋದರು. ನಾನು ಕಾಲು ನೋವೆಂದು ಕೂತೆ. ಹೋದವರಲ್ಲಿ ಒಬ್ಬರಿಗೆ ಕಲ್ಲು ವಾಲಿದ ಹಾಗೆ ಕಂಡಿತು, ಒಬ್ಬರಿಗೆ ಬಿರುಕು ಕಂಡಿತು, ಅತ್ತಿಗೆಗೆ ಮೈ ಜುಮ್ಮೆಂದಿತು. ಸಂಜೆಯೊಳಗೆ ಕಲ್ಲಿಗೆ ಹೆಸರು ಬಂತು, ರಕ್ತೇಶ್ವರಿ. ದೋಷಕ್ಕೆ ಪರಿಹಾರ ಬಂತು, ಹೊಸ ಶಿಲೆ, ಕಟ್ಟೆ, ಪುನಃಪ್ರತಿಷ್ಠೆ. ಸಮಿತಿಯಾಯಿತು, ವಾಟ್ಸಾಪ್ ಗುಂಪಾಯಿತು. ಹದಿನಾರು ಪುಟದ ಆಮಂತ್ರಣ ಪತ್ರಿಕೆಯಲ್ಲಿ ಹೊರೆಕಾಣಿಕೆ ಮೆರವಣಿಗೆ, ಧಾರ್ಮಿಕ ಸಭೆ, ಎರಡು ಪುಟ ತುಂಬ ಗೌರವ ಉಪಸ್ಥಿತಿ. ಕಾಸರಕನ ಮರ ಕಡಿದು ನೆಲಕ್ಕೆ ಇಂಟರ್‌ಲಾಕ್ ಇಟ್ಟಿಗೆ ಹಾಕಿದರು. ಒಂದು ಮಾತು ನ್ಯಾಯಕ್ಕೆ ಹೇಳಬೇಕು: ಸ್ವಾಗತ ಸಮಿತಿಯಲ್ಲಿ ಬಾಬುವಿನ ಮಗನ ಹೆಸರಿತ್ತು, ಊಟಕ್ಕೆ ಬಾಬು ನನ್ನ ಪಕ್ಕದ ಕುರ್ಚಿಯಲ್ಲಿ ಕೂತ. ತೆಂಗಿನ ಚಿಪ್ಪಿನ ಕ್ರಮಕ್ಕಿಂತ ಈ ಕ್ರಮ ಮೇಲು. ಅವನ ಮಗನಿಗೆ ಕುರ್ಚಿ ಕೊಟ್ಟದ್ದು ಪ್ರೀತಿಯಿಂದಲೋ ತಲೆ ಎಣಿಕೆಗೋ ಎಂದು ನಾನು ಯೋಚಿಸುತ್ತಿದ್ದೆ. ಬಾಬು ಪಾಯಸ ಎರಡು ಸಲ ಹಾಕಿಸಿಕೊಂಡ.

ಹಳೆಯ ಕಲ್ಲನ್ನು ಹರಿಯುವ ನೀರಿಗೆ, ಬೇಸಿಗೆಯಲ್ಲೂ ತಳ ಕಾಣದ ಕಡೆ ಬಿಡಬೇಕೆಂದು ಪ್ರತಿಷ್ಠೆ ಮಾಡಿಸಿದ ತಂತ್ರಿಗಳು ಹೇಳಿದ್ದರು. ಬಂಟ್ವಾಳದಲ್ಲಿ ನೇತ್ರಾವತಿ ಆಳ. ಕಾರು ಇದ್ದದ್ದು ನನ್ನ ಹತ್ತಿರ. ಬಿಳಿ ಬಟ್ಟೆ ಸುತ್ತಿದ ಕಲ್ಲನ್ನು ಡಿಕ್ಕಿಯಲ್ಲಿಟ್ಟು, ಪುರೋಹಿತರನ್ನು ಮುಂದೆ ಕೂರಿಸಿಕೊಂಡು ಹೋದೆ. ಹೊಳೆಗೆ ಅಡ್ಡ ಕಟ್ಟಿದ ಪಾಣೆಮಂಗಳೂರು ಸಂಕದ ಹತ್ತಿರ ದೋಣಿಯವರೊಬ್ಬರು ಅದನ್ನು ನಡು ಹೊಳೆಗೆ ಒಯ್ದು ಬಿಟ್ಟರು. ಬಟ್ಟೆ ಬಿಚ್ಚಿ ಒಮ್ಮೆ ಮೋರೆ ನೋಡುವ ಎಂದು ನನಗೆ ಆಸೆ ಇತ್ತು. ಬಾಯಿ ಬಿಟ್ಟು ಕೇಳಲಿಲ್ಲ.

ಪ್ರತಿಷ್ಠೆಯ ಮರುದಿನ ಸಂಜೆ ದೊಡ್ಡಮ್ಮ ಹಣತೆ ಹಿಡಿದು ಹೋದರು. ಕಟ್ಟೆಗೆ ಸ್ಟೀಲಿನ ಬೇಲಿ, ಬೇಲಿಗೆ ಬಾಗಿಲು, ಬಾಗಿಲಿಗೆ ಬೀಗ. ಇನ್ನು ಸಂಕ್ರಮಣಕ್ಕೆ ಭಟ್ಟರೇ ಬಂದು ಪೂಜೆ ಮಾಡುವುದು, ಎಳ್ಳೆಣ್ಣೆ ಮಾತ್ರ ಆಗುವುದು, ಹೊನ್ನೆ ಎಣ್ಣೆ ನಿಷಿದ್ಧ, ಹೆಂಗಸರು ಹೊರಗಿಂದ ಕೈ ಮುಗಿಯಬಹುದು ಎಂದು ಅಣ್ಣ ತಿಳಿಸಿ ಹೇಳಿದ. ಒರಟಾಗಿ ಹೇಳಲಿಲ್ಲ, ದೊಡ್ಡಮ್ಮನ ಒಳ್ಳೆಯದಕ್ಕೇ ಹೇಳುತ್ತಿದ್ದೇನೆಂದು ನಂಬಿದ್ದ. ಅವರು ಬೇಲಿಯ ಹತ್ತಿರ ಸ್ವಲ್ಪ ಹೊತ್ತು ನಿಂತು, ದೀಪ ಹಚ್ಚದೆ, ಜಗಲಿಗೆ ಬಂದು ನನ್ನ ಪಕ್ಕ ಕೂತರು. ಯಾಕೆ ಮಾತಾಡದೆ ಬಂದಿರಿ ಎಂದು ಕೇಳಿದೆ.

“ಅದು ಈಗ ದೊಡ್ಡ ಜನ ಆಗಿದೆ ಮಗಾ,” ಎಂದರು. “ನನ್ನ ಹಸುವಿನ ಸುದ್ದಿ ಕೇಳ್ಲಿಕ್ಕೆ ಅದಕ್ಕೆ ಪುರುಸೊತ್ತು ಎಲ್ಲಿ ಉಂಟು?”

ಆಮೇಲೆ ಅವರು ಮುಸ್ಸಂಜೆಯ ಆ ಅರ್ಧ ಗಂಟೆ ಜಗಲಿಯಲ್ಲಿ ಕೈಯನ್ನು ಮಡಿಲಲ್ಲಿಟ್ಟು ಸುಮ್ಮನೆ ಕೂರುತ್ತಿದ್ದರು. ಊರಿಗೆ ಹೋದಾಗ ನನಗೆ ಆ ಕೈ ನೋಡಲು ಆಗುತ್ತಿರಲಿಲ್ಲ. ಅಣ್ಣನ ಮಗಳಿಗೆ ಮದುವೆಯಾಯಿತು. ಪ್ರತಿಷ್ಠೆಯಿಂದ ಎಂದು ಅವನು, ಹುಡುಗಿಯೇ ಆರಿಸಿಕೊಂಡದ್ದೆಂದು ನಾನು. ಬೆನ್ನು ನೋವು ಹಾಗೇ ಇದೆ. ಮಂಗಳೂರಿಗೆ ಹೋಗುವಾಗ ಪಾಣೆಮಂಗಳೂರು ಸಂಕ ಬಂದರೆ ದೊಡ್ಡಮ್ಮ ಬಸ್ಸಿನ ಕಿಟಕಿಯಿಂದ ಕೆಳಗೆ ಬಗ್ಗಿ ನೋಡುತ್ತಿದ್ದರು.

ಎರಡು ವರ್ಷ ಕಳೆದು, ಕಣ್ಣಿನ ಪೊರೆ ತೆಗೆಸಲು ಅವರನ್ನು ನಮ್ಮ ಮನೆಗೆ ಕರೆತಂದೆ. ಒಂದು ಕಣ್ಣಿಗೆ ಪಟ್ಟಿ, ಇನ್ನೊಂದು ಮಂಜು. ನನ್ನ ಮುಖ ಅವರಿಗೆ ಕಾಣುವುದಿಲ್ಲ ಎಂಬ ಧೈರ್ಯದಲ್ಲಿ ಎಲ್ಲ ಹೇಳಿಬಿಟ್ಟೆ. ಚಿನ್ನ, ಹಾರೆ, ಕಪ್ಪೆ, ತಿರುವುಮುರುವಾದ ಕಲ್ಲು. ಅವರು ನಕ್ಕರು.

“ಗೊತ್ತುಂಟು. ಅದನ್ನು ನಾನು ಆ ಸಂಜೆಯೇ ತಿರುಗಿಸಿ ಸರಿ ಇಟ್ಟೆನಲ್ಲ. ದೀಪ ಇಡುವವಳಿಗೆ ಮೋರೆ ಯಾವುದು, ಬೆನ್ನು ಯಾವುದು ಅಂತ ಗೊತ್ತಾಗುವುದಿಲ್ಲವಾ?”

ಮೂವತ್ತು ವರ್ಷ ಕಲ್ಲು ಸರಿಯಾಗಿಯೇ ಇತ್ತು. ಇದ್ದ ಹಾಗೆ ಇಲ್ಲ ಎಂದು ಮೈಕಿನ ಮುಂದೆ ದೈವಜ್ಞರು ಹೇಳಿದ್ದು ಸುಳ್ಳು. ನಾನು ಕೊಟ್ಟ ಸಾಕ್ಷಿಯೂ ಸುಳ್ಳು. ಮತ್ತೆ ಆ ದಿನ ಬಾಗಿಲಲ್ಲಿ ನಿಂತು ಯಾಕೆ ಸುಮ್ಮನಿದ್ದಿರಿ, ಒಂದು ‘ಇಲ್ಲ’ ಹೇಳಿದ್ದರೆ ಸಾಕಿತ್ತಲ್ಲ ಎಂದು ಕೇಳಿದೆ.

“ನೀನು ಉಂಟು ಅಂದ ಮೇಲೆ ನಾನು ಇಲ್ಲ ಹೇಳಿದ್ರೆ, ತಿರುಗಿಸಿದ್ದು ಯಾರು ಅಂತ ಕೇಳ್ತಿದ್ದರು,” ಎಂದರು ದೊಡ್ಡಮ್ಮ. “ಅಷ್ಟು ಜನರ ಎದುರು ನಿನಗೆ ಮರ್ಯಾದೆ ಉಂಟಲ್ಲ.”

ಪಟ್ಟಿ ಬಿಚ್ಚಿದ ಮೇಲೆ ಊರಿಗೆ ಹೋದರು. ಮುಂದಿನ ಮಳೆಗಾಲವನ್ನು ಅವರು ದಾಟಲಿಲ್ಲ.

ಎಲ್ಲವನ್ನೂ ಸಂಶಯದಿಂದ ನೋಡಿದ ನಾನು ಜೀವನದಲ್ಲಿ ಒಂದೇ ಸಲ, ನಂಬಬಾರದ ಜಾಗದಲ್ಲಿ ನಂಬಿದೆ. ನಂಬಿದ್ದು ಭಕ್ತಿಯಿಂದಲೂ ಅಲ್ಲ, ಕಳ್ಳನ ಹೆದರಿಕೆಯಿಂದ. ಈಗ ಊರೂರಿನಲ್ಲಿ ಫ್ಲೆಕ್ಸ್ ನೋಡುವಾಗ, ಧರ್ಮ ಜಾಗೃತಿ ಎಂದು ಮೈಕಿನಲ್ಲಿ ಕೇಳುವಾಗ, ಈ ಗದ್ದಲದಲ್ಲಿ ಉಂಟು ಎಂದು ಕೂಗುವವರಲ್ಲಿ ನನ್ನ ಹಾಗೆ ಕಲ್ಲು ತಿರುಗಿಸಿದವರು ಎಷ್ಟು ಮಂದಿ ಎಂದು ಲೆಕ್ಕ ಹಾಕುತ್ತೇನೆ.

ಹೊನ್ನೆ ಎಣ್ಣೆಯ ಬಾಟಲಿ ತಂದ ಸಂಜೆ ನಾನು ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಮೊಣಕಾಲಿಗೆ ತಿಕ್ಕಿಕೊಂಡೆ. ಒಳಗೆ ತಿಕ್ಕಿದರೆ ವಾಸನೆ ಎಂದು ಹೆಂಡತಿಯ ತಕರಾರು. ಎಣ್ಣೆ ಕಲ್ಲಿನ ಮೇಲೂ ಇಳಿಯಿತು. ಆ ಘಾಟಿನಲ್ಲಿ ಯಾವಾಗ ಶುರುಮಾಡಿದೆನೋ ತಿಳಿಯದು, ನಾನು ಗಟ್ಟಿಯಾಗಿ ತುಳುವಿನಲ್ಲಿ ಮಾತಾಡುತ್ತಿದ್ದೆ. ಕಾಲು ನೋವು, ಮಗ ಫೋನ್ ಮಾಡದ್ದು, ಅಣ್ಣ ಮೊನ್ನೆ ಕಳಿಸಿದ ವಾರ್ಷಿಕೋತ್ಸವದ ಆಮಂತ್ರಣ. ಕಂಪೌಂಡಿನ ಆಚೆ ಕೆಮ್ಮಿದ ಸದ್ದು. ಮಿಜಾರಿನ ಕಡೆಯಿಂದ ಪಕ್ಕದ ಮನೆಗೆ ಹೊಸದಾಗಿ ಬಂದ ಪುರುಷೋತ್ತಮರು ಎಣ್ಣೆ ಮೆತ್ತಿದ ಕಲ್ಲನ್ನು ನೋಡುತ್ತ ನಿಂತಿದ್ದರು.

“ಸರ್, ಅಲ್ಲಿ ಏನಾದರೂ ಉಂಟಾ?” ಎಂದು ತಗ್ಗಿದ ದನಿಯಲ್ಲಿ ಕೇಳಿದರು.

“ಇಲ್ಲ,” ಎಂದೆ. ನನ್ನ ದನಿ ನನಗೇ ಜೋರಾಗಿ ಕೇಳಿಸಿತು. “ಏನೂ ಇಲ್ಲ ಮಾರಾಯ್ರೆ. ಬಟ್ಟೆ ಒಗೆಯುವ ಕಲ್ಲು.”

ಅವರು ನಂಬಲಿಲ್ಲ, ತಲೆಯಾಡಿಸುತ್ತ ಒಳಗೆ ಹೋದರು. ಮೂವತ್ತು ವರ್ಷ ನಾನು ಮಕ್ಕಳನ್ನು ನೋಡಿದ್ದು ಅದೇ ಕಣ್ಣಿನಿಂದ. ಕಡೆಗೂ ಇಲ್ಲ ಎಂದು ಹೇಳಿದೆನಲ್ಲ ಎಂದು ಸಮಾಧಾನಪಟ್ಟುಕೊಂಡೆ. ಆದರೆ ಹೇಳಿದ ಮೇಲೆ ಆ ಕಲ್ಲಿನ ಮೇಲೆ ಕೂತಿರಲು ನನಗೆ ಆಗಲಿಲ್ಲ. ಎದ್ದು ಪಕ್ಕದಲ್ಲಿ ನೆಲದ ಮೇಲೆ ಕೂತು ಇನ್ನೊಂದು ಕಾಲಿಗೆ ಎಣ್ಣೆ ತಿಕ್ಕಿದೆ.